ಎರಡನೇ ಸಾಲಿನ ಹೆಸರು

ಮದ್ದೂರು
23-6-2025, ಸೋಮವಾರ

ಪ್ರೀತಿಯ ಅಮೃತ,

ನೀನು ಕ್ಷೇಮವಾಗಿದ್ದೀಯ ಎಂದುಕೊಂಡೇ ಬರೆಯಲು ಕೂತಿದ್ದೇನೆ. ಮೊಣಕಾಲಿನ ಊತ ಇಳಿಯಿತೇ? ಓಟಕ್ಕೆ ಮುಂಚೆ ನಾನು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟಿದ್ದೀಯೋ? ಪೊಲೀಸ್ ತರಬೇತಿಗೆ ನೀನು ಹೊರಟು ಇವತ್ತಿಗೆ ಐವತ್ತೊಂದು ದಿನ. ಅಲ್ಲಿ ದಿನವೂ ರೊಟ್ಟಿ ಎಂದು ನೀನು ಹೇಳಿದಾಗಿನಿಂದ ಅವ್ವ ಮುದ್ದೆ ತಿರುವುವಾಗಲೆಲ್ಲ ‘ಆ ಮಗ ಏನ್ ತಿಂತದೋ’ ಎಂದು ನಿಟ್ಟುಸಿರು ಬಿಡುತ್ತಾಳೆ. ಮುದ್ದೆ ನನ್ನ ತಟ್ಟೆಗೆ, ನಿಟ್ಟುಸಿರು ನಿನ್ನ ಪಾಲಿಗೆ. ಇದಕ್ಕೂ ಹೊಟ್ಟೆಕಿಚ್ಚೇ ಎಂದು ನೀನು ನಗಬಹುದು. ನಗು. ಈ ಕಾಗದದ ತುಂಬ ಅದೇ ಇದೆ, ಮೊದಲೇ ಹೇಳಿಬಿಡುತ್ತೇನೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಕಬ್ಬಿಗೆ ಗೊಬ್ಬರ ಹಾಕಿಸಿದರು. ಪಕ್ಕದ ಮನೆ ಮಲ್ಲಿಗಮ್ಮ ನನ್ನನ್ನು ಕಂಡಾಗಲೆಲ್ಲ ‘ಪೊಲೀಸಮ್ಮ ಯಾವಾಗ್ ಬತ್ತದಪ್ಪ’ ಎಂದು ಕೇಳುತ್ತಾಳೆ, ನಾನು ಹೇಗಿದ್ದೇನೆ ಎಂದು ಒಂದು ದಿನವೂ ಕೇಳಿಲ್ಲ. ಭಾನುವಾರ ನಿನಗೆ ಸಿಗುವ ಹತ್ತು ನಿಮಿಷದ ಫೋನಿನಲ್ಲೇ ಇದನ್ನೆಲ್ಲ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಸಾಲಿನಲ್ಲಿ ನಿಂತವರು ‘ಬೇಗ, ಬೇಗ’ ಎನ್ನುವುದು ನನ್ನ ಕಿವಿಗೂ ಬೀಳುತ್ತದೆ. ಅಷ್ಟು ಜನರ ಮುಂದೆ ಗಂಡನ ತಪ್ಪು ಕೇಳಿಸಿಕೊಳ್ಳುವ ಕಷ್ಟ ನಿನಗೆ ಬೇಡ. ಅದಕ್ಕೇ ಕಾಗದ.

ಮೊನ್ನೆ ಅವ್ವ ಒಂದು ಪ್ರಶ್ನೆ ಕೇಳಿದಳು. ‘ಅಲ್ಲ ಕಣ್ಲಾ, ಅಮೃತ ಕಂಪ್ಯೂಟ್ರು ಮುಂದೆ ಕುಂತ್ಕಂಡು ಬರೀತಿತ್ತಲ್ಲ, ಅದೇನು ಕತೆನಾ?’ ಕತೆಯಲ್ಲ, ಸ್ಕ್ರಿಪ್ಟು ಎಂದೆ. ಮದುವೆ ಮನೆಯಿಂದ ತಂದ ಸಾವಿರಾರು ಫೋಟೋಗಳನ್ನು ಒಂದು ಫೋಲ್ಡರಿಗೆ ಹಾಕಿದರೆ ಸಾಫ್ಟ್‌ವೇರ್ ತಾನೇ ಅವನ್ನು ಸಮಯದ ಪ್ರಕಾರ ಜೋಡಿಸಿ, ಹೆಸರಿಟ್ಟು, ಆಲ್ಬಮ್ಮಿನ ಅಳತೆಗೆ ಇಳಿಸಿ ಕೊಡುತ್ತದೆ. ಯಾವುದನ್ನು ಏನು ಮಾಡಬೇಕು ಎಂದು ಅದಕ್ಕೆ ಹೇಳಿಕೊಡುವ ಬರಹ ಅದು. ಅಮೃತ ಬರೆದು ಇಂಟರ್ನೆಟ್ಟಿನಲ್ಲಿರುವ ಸಾಫ್ಟ್‌ವೇರ್ ಬಳಗಕ್ಕೆ ಹಾಕಿದರೆ ಊರೂರಿನ ಸ್ಟುಡಿಯೋದವರು, ಜೆರಾಕ್ಸ್ ಅಂಗಡಿಯವರು ಪುಕ್ಕಟೆ ಬಳಸುತ್ತಾರೆ. ಅದಕ್ಕೆ ಮುಂಚೆ ಇಬ್ಬರು ಅದನ್ನು ಓಡಿಸಿ ನೋಡಿ ಸರಿಯಿದೆ ಎನ್ನಬೇಕು ಎಂದು ವಿವರಿಸಿದೆ. ‘ಅಂಗಂದ್ರೆ ಸೊಪ್ಪು ಸೋಸಿ ಬೀದಿಗೆಲ್ಲ ಅಂಚ್ದಂಗೆ ಅನ್ನು. ಅದ್ರಲ್ಲಿ ನಿಂದೇನ್ಲಾ ಕೆಲ್ಸ?’ ಎಂದಳು. ಎರಡನೇ ಸಾಲು ನನ್ನದು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿನಗಾದರೂ ಅರ್ಥವಾಗಬೇಕು.

ನಿನ್ನ ಸ್ಕ್ರಿಪ್ಟಿನ ಮೊದಲ ಸಾಲು: ಬರೆದವರು, ಅಮೃತ, ಮದ್ದೂರು. ಎರಡನೇ ಸಾಲು: ಪರೀಕ್ಷಿಸಿದವರು, ಶಶಿಧರ್, ಮದ್ದೂರು. ಮೊದಲು ಪರೀಕ್ಷೆ ಮಾಡಿದವರಿಗೆ ಎರಡನೇ ಸಾಲು, ಆಮೇಲಿನವರಿಗೆ ಮೂರನೆಯದು, ಅದು ಬಳಗದ ಪದ್ಧತಿ. ಎಂಟು ಆವೃತ್ತಿಗಳಲ್ಲೂ ಎರಡನೇ ಸಾಲು ನನ್ನದೇ ಇತ್ತು. ನಮ್ಮ ಲಗ್ನಪತ್ರಿಕೆಯ ನಂತರ ನಮ್ಮಿಬ್ಬರ ಹೆಸರು ಒಂದರ ಕೆಳಗೊಂದು ಇದ್ದದ್ದು ಅಲ್ಲಿ ಮಾತ್ರ. ಮೇ ತಿಂಗಳ ಮೊದಲ ವಾರದಲ್ಲಿ ಒಂಬತ್ತನೇ ಆವೃತ್ತಿ ತೆರೆದು ನೋಡಿದರೆ ಎರಡನೇ ಸಾಲಿನಲ್ಲಿ ಕೆಂಪಸಿದ್ದಯ್ಯ, ಮಳವಳ್ಳಿ ಎಂದಿತ್ತು. ನಾನು ನೋಡಿದ್ದು ಸಂಜೆ ಟೀ ಕುಡಿಯುವಾಗ. ಆ ಟೀ ಹಾಗೇ ಆರಿಹೋಯಿತು.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮೇ ಒಂದಕ್ಕೆ ನೀನು ಅದನ್ನು ಪರೀಕ್ಷೆಗೆ ಹಾಕಿದಾಗ ನಾನು ಮುನಿಸಿಕೊಂಡಿದ್ದೆ. ಒಂಬತ್ತು ತಿಂಗಳು ಮನೆ ಬಿಟ್ಟು ಹೋಗುವವಳು ಹೊರಡುವ ಎರಡು ದಿನ ಮುಂಚೆಯೂ ಕಂಪ್ಯೂಟರ್ ಮುಂದೆ ಕೂತಿದ್ದಾಳಲ್ಲ ಎಂಬ ಸಿಟ್ಟು. ಮಂಡ್ಯದ ರೈಲು ನಿಲ್ದಾಣದಲ್ಲಿ ನೀನು ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಜೇಬಿಗೆ ಹಾಕಿ, ‘ಬಳಗದಲ್ಲಿ ಯಾರಾನ ಏನಾನ ಕೇಳಿದ್ರೆ ಉತ್ರ ಕೊಡ್ರೀ. ಜೂನ್ ಮೂವತ್ತಕ್ಕೆ ಎಲ್ರಿಗೂ ಬುಡ್ತಾರೆ, ಅದ್ರೊಳಗೆ ಬೀಗರ ಮೇಲೆ ಒಂದ್ಸಲ ಓಡ್ಸಿ ನೋಡ್ಬುಡಿ, ಮರೀಬ್ಯಾಡಿ’ ಎಂದೆ. ನಾನು ಹೂಂ ಎಂದೆ. ಬೀಗರು ಎಂದು ಹೆಸರಿಟ್ಟು ನೀನು ಮಾಡಿಟ್ಟ ಆ ಪರೀಕ್ಷೆಯ ಫೋಲ್ಡರ್ ಯಾವುದಕ್ಕೆ ಎಂದು ನನ್ನಷ್ಟು ಚೆನ್ನಾಗಿ ತಿಳಿದವರು ಬಳಗದಲ್ಲಿ ಯಾರೂ ಇಲ್ಲ. ನಮ್ಮ ಕಡೆ ಮದುವೆಗೆ ಹೆಣ್ಣಿನ ಕಡೆಗೊಂದು ಕ್ಯಾಮೆರಾ, ಗಂಡಿನ ಕಡೆಗೊಂದು ಕ್ಯಾಮೆರಾ. ನಮ್ಮ ಸ್ಟುಡಿಯೋದ ಎರಡೂ ಒಂದೇ ಕಂಪನಿಯವು, ಎರಡೂ ಫೋಟೋಗಳಿಗೆ ಒಂದರಿಂದ ಹಿಡಿದು ಅವೇ ನಂಬರ್ ಕೊಡುತ್ತವೆ. ಆ ಫೋಲ್ಡರಿನಲ್ಲಿ ಎರಡೂ ಕಡೆಯ ಮೂವತ್ತು ಮೂವತ್ತು ಫೋಟೋ, ಒಂದೇ ಹೆಸರಿನವು. ಅರುವತ್ತು ಹೋಗಿ ಅರುವತ್ತು ಹೊರಗೆ ಬಂದರೆ ಸ್ಕ್ರಿಪ್ಟು ಸರಿ. ಹತ್ತು ನಿಮಿಷದ ಕೆಲಸ.

ನಾನು ಆ ಹತ್ತು ನಿಮಿಷ ಕೊಡದೆ ಕೆಂಪಸಿದ್ದಯ್ಯನಿಗೆ ಹತ್ತು ದಿನ ಕೊಟ್ಟೆ. ಮೊದಲು ಹೆಸರು ನೋಡಿ ಯಾರೋ ಅರುವತ್ತು ದಾಟಿದ ಹಿರಿಯರು, ನಿವೃತ್ತ ಮೇಷ್ಟ್ರು ಇರಬೇಕು ಎಂದು ಸಮಾಧಾನವಾಗಿತ್ತು. ಆಮೇಲೆ ಅವನ ಫೋಟೋ ಒತ್ತಿ ದೊಡ್ಡದು ಮಾಡಿದೆ. ಇಪ್ಪತ್ತೆಂಟು ದಾಟಿರಲಾರದು. ತಾತನ ಹೆಸರಿಟ್ಟಿದ್ದಾರೆ, ಅಷ್ಟೇ. ಮೀಸೆ ಅಚ್ಚುಕಟ್ಟಾಗಿ ಕತ್ತರಿಸಿದ್ದಾನೆ, ಬೈಕಿನ ಪಕ್ಕ ನಿಂತಿದ್ದಾನೆ, ತಲೆಯ ತುಂಬ ಕೂದಲು. ನನ್ನ ತಲೆಯ ವಿಷಯ ನಿನಗೆ ಗೊತ್ತೇ ಇದೆ. ಅವನು ಬರೆದ ಸ್ಕ್ರಿಪ್ಟುಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದನ್ನೂ ಓಡಿಸಿ, ಕೊನೆಗೊಂದರಲ್ಲಿ ತಪ್ಪು ಕಂಡುಹಿಡಿದು ಎಲ್ಲರಿಗೂ ಕಾಣುವ ಹಾಗೆ ಬರೆದೆ. ಅವನು ಅರ್ಧ ಗಂಟೆಯಲ್ಲಿ ತಿದ್ದಿ ‘ತುಂಬಾ ಉಪಕಾರವಾಯಿತು ಸಾರ್’ ಎಂದು ಉತ್ತರ ಕೊಟ್ಟ. ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನೊಂದನ್ನೂ ಹೇಳಬೇಕು. ನೀವಿಬ್ಬರು ಬರೆದುಕೊಂಡದ್ದನ್ನು ಓದಿದೆ. ಬೇರೆಯವರ ಹೆಸರಿಗೆ ಬಂದದ್ದನ್ನು ಓದಬಾರದು ಎಂದು ಗೊತ್ತು, ಪಾಸ್‌ವರ್ಡ್ ಕೊಟ್ಟವಳು ನೀನೇ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಜನವರಿಯಿಂದ ಏಪ್ರಿಲ್‌ವರೆಗೆ ನೂರಾ ಹದಿನಾಲ್ಕು ಸಂದೇಶ. ಅಷ್ಟರಲ್ಲೂ ಫೈಲು, ಫೋಲ್ಡರ್ ಬಿಟ್ಟರೆ ಬೇರೆ ಮಾತಿಲ್ಲ. ಪ್ರತಿಯೊಂದಕ್ಕೂ ‘ನಮಸ್ಕಾರ ಮೇಡಂ’ ಎಂಬ ತಲೆಬರಹ ಬೇರೆ. ಬೇರೆ ಗಂಡಸಿಗಾದರೆ ಅಲ್ಲಿಗೆ ನೆಮ್ಮದಿಯಾಗುತ್ತಿತ್ತು. ನನಗೆ ಅದೇ ಉರಿಯಾಯಿತು. ಊರಲ್ಲಿ ಯಾರ ಜೊತೆಯಾದರೂ ನಕ್ಕು ಮಾತಾಡಿದರೆ ಲೆಕ್ಕವಿಲ್ಲ, ನೀನು ನಿನ್ನ ಕೆಲಸದ ಮಾತನ್ನು ಇನ್ನೊಬ್ಬನ ಜೊತೆ ಆಡಿದ್ದೀಯ. ಆ ಮಾತಿಗೆ ಇಲ್ಲಿಯವರೆಗೆ ನಾನೊಬ್ಬನೇ ಇದ್ದೆ. ಮಾರ್ಚಿನ ಒಂದು ಉತ್ತರದಲ್ಲಿ ನೀನು ಹೀಗೆ ಬರೆದಿದ್ದೆ: ‘ನಮ್ಮ ಯಜಮಾನರು ಪರೀಕ್ಷೆ ಬೇಗ ಮುಗಿಸುತ್ತಾರೆ. ನೀವು ನಿಧಾನವಾಗಿ ಮಾಡುತ್ತೀರಿ.’ ಅಲ್ಲಿಗೆ ಓದುವುದನ್ನು ನಿಲ್ಲಿಸಿ ಕಂಪ್ಯೂಟರ್ ಆರಿಸಿದೆ.

ಜೂನ್ ಒಂದರ ಭಾನುವಾರ ನೀನು ಫೋನ್ ಮಾಡಿದ್ದು ನೆನಪಿದೆಯೇ? ಮೊದಲ ಮೂರು ನಿಮಿಷ ಅವ್ವ ಕಿತ್ತುಕೊಂಡಳು. ನಾಲ್ಕನೇ ನಿಮಿಷಕ್ಕೆ ಫೋನು ನನ್ನ ಕೈಗೆ ಬಂದಾಗ ನಿನ್ನ ಮೊದಲ ಮಾತು, ‘ಕೆಂಪಸಿದ್ದಯ್ಯ ಅವ್ರು ಏನಾನ ಬರ್ದವ್ರಾ?’ ನಾನು ಇಲ್ಲ ಎಂದೆ. ಬರೆದಿದ್ದ. ‘ಒಂದೇ ಸ್ಕ್ಯಾನರಿನ ಕಾಗದಗಳ ಮೇಲೆ ಮಾತ್ರ ನೋಡಿದ್ದೇನೆ, ಎರಡು ಕ್ಯಾಮೆರಾದ ಫೋಟೋಗಳ ಮೇಲೆ ಸ್ಟುಡಿಯೋದವರೇ ನೋಡಬೇಕು’ ಎಂದು ಬರೆದಿದ್ದ. ಸ್ಟುಡಿಯೋದವನು ಎಂದರೆ ನಾನು. ಇವನು ಹೇಳಿ ನಾನು ಮಾಡುವುದೇ ಎಂದು ಬಿಟ್ಟೆ.

ಆ ವಾರವೇ ನಿಡಘಟ್ಟದ ಅಪ್ಪಾಜಿ ಮಾವನ ಮಗಳು ದೀಪಿಕಳ ಮದುವೆ. ಹೆಣ್ಣಿನ ಕಡೆ ಕ್ಯಾಮೆರಾ ನಾನು ಹಿಡಿದೆ, ಗಂಡಿನ ಕಡೆಯದು ನಮ್ಮ ಸ್ಟುಡಿಯೋ ಹುಡುಗ ಶಿವು. ಧಾರೆಗೆ ಜನ ಎಂದರೆ ಜನ. ಕೊಂಬಿನ ಚೊಂಬು ಕೈಯಿಂದ ಕೈಗೆ ಹೋಗುತ್ತಲೇ ಇತ್ತು, ಹಾಲು ಎರೆದವರೆಲ್ಲ ಒಂದು ಗಳಿಗೆ ನಿಂತು ಕ್ಯಾಮೆರಾ ಕಡೆ ನೋಡಿಯೇ ಕೆಳಗಿಳಿದರು. ಅವ್ವ ನಿನ್ನ ಆ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡಿದ್ದಳು, ‘ನಂದು ಸಂದಾಗಿ ತೆಗಿಲಾ’ ಎಂದು ಎರಡು ಸಲ ಹೇಳಿದಳು. ನಾಲ್ಕು ತೆಗೆದೆ.

ಏಳನೇ ತಾರೀಖು ಶನಿವಾರ ಎರಡೂ ಕಾರ್ಡು ಕಂಪ್ಯೂಟರಿಗೆ ಇಳಿಸಿ, ಅಸಲು ಫೋಟೋಗಳ ಮೇಲೆಯೇ ನಿನ್ನ ಒಂಬತ್ತನೇ ಆವೃತ್ತಿ ಓಡಿಸಿದೆ. ನಕಲು ಮಾಡಿಕೊಳ್ಳಲಿಲ್ಲ. ಬೀಗರ ಮೇಲೆ ನೋಡಲಿಲ್ಲ. ನಿನ್ನ ಎರಡು ಮಾತನ್ನೂ ಮೀರಿದೆ. ಕೆಲಸ ಮುಗಿದ ಮೇಲೆ ಸಾಫ್ಟ್‌ವೇರ್ ಕೊಟ್ಟ ವರದಿಯನ್ನು ಓದದೆಯೇ ಬಳಗಕ್ಕೆ ಹಾಕಿ, ಪರೀಕ್ಷಿಸಿದೆ, ಸರಿಯಿದೆ ಎಂದು ಗುರುತು ಮಾಡಿದೆ. ಬೇಗ ಮುಗಿಸುವವನು ಎಂದು ಹೇಳಿದ್ದೆಯಲ್ಲ, ಎಷ್ಟು ಬೇಗ ಎಂದು ತೋರಿಸಿದೆ. ಕಾರ್ಡುಗಳನ್ನು ಮುಂದಿನ ಕೆಲಸಕ್ಕೆಂದು ಅಳಿಸಿಟ್ಟೆ.

ಹತ್ತನೇ ತಾರೀಖು ಕೆಂಪಸಿದ್ದಯ್ಯ ಬರೆದ. ಎಲ್ಲರ ಮುಂದೆ ಅಲ್ಲ, ನನಗೆ ಮಾತ್ರ ಕಾಣುವ ಹಾಗೆ. ‘ಸಾರ್, ನಿಮ್ಮ ವರದಿಯಲ್ಲಿ ಒಳಗೆ ಹೋದದ್ದು 1412, ಹೊರಗೆ ಬಂದದ್ದು 1106. ಉಳಿದ 306 ಎಲ್ಲಿ? ಕಾರ್ಡುಗಳನ್ನು ಸದ್ಯಕ್ಕೆ ಬಳಸಬೇಡಿ, ಅಳಿಸಿದ್ದರೂ ಅವುಗಳಿಂದ ಮತ್ತೆ ತೆಗೆಯಬಹುದು.’ ನನ್ನ ಹುಳುಕು ಹುಡುಕಲು ಕೂತಿದ್ದಾನೆ ಎಂದುಕೊಂಡೆ. ನಾನು ಅವನಿಗೆ ಮಾಡಿದ್ದು ಅದೇ ತಾನೇ, ಅವನಿಂದಲೂ ಅದನ್ನೇ ನಿರೀಕ್ಷಿಸಿದೆ. ಉತ್ತರ ಕೊಡಲಿಲ್ಲ. ಮಾರನೇ ದಿನ ಮಂಡ್ಯದಲ್ಲಿ ಒಂದು ಗೃಹಪ್ರವೇಶ ಇತ್ತು, ಅದೇ ಕಾರ್ಡು ಹಾಕಿಕೊಂಡು ಹೋಗಿ ಒಂದಷ್ಟು ತೆಗೆದು ಬಂದೆ.

ಹನ್ನೆರಡಕ್ಕೆ ಅಪ್ಪಾಜಿ ಮಾವ ಫೋಟೋ ಆರಿಸಲು ಬಂದರು. ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು. ಧಾರೆ ಬಂತು, ಧಾರೆ ಮುಗಿಯಿತು. ಅವರು ಕನ್ನಡಕ ತೆಗೆದರು. ‘ಸಸಿ, ಬರೀ ಗಂಡಿನ್ ಕಡೆಯೋರೇ ಕಾಣ್ತಾವ್ರಲ್ಲಪ್ಪ. ನಮ್ ಕಡೆ ಒಬ್ರೂ ಧಾರೆ ಎರೀಲಿಲ್ವಾ?’ ಕಿರುಚಿದ್ದರೆ ಬೇರೆ ಮಾತು. ಮೆತ್ತಗೆ ಕೇಳಿದರು. ಹೆಸರು ಒಂದೇ ಇದ್ದಲ್ಲೆಲ್ಲ ಶಿವು ತೆಗೆದದ್ದು ನಾನು ತೆಗೆದದ್ದರ ಮೇಲೆ ಕೂತು, ನನ್ನದು ಅಳಿಸಿಹೋಗಿತ್ತು. ಹೆಣ್ಣಿನ ತಂದೆ ತಾಯಿ ಕೂಡ ಇರಲಿಲ್ಲ. ಆಲ್ಬಮ್ಮು ಮನೆಗೆ ಬಂದ ದಿನ ನೆಂಟರು ಮೊದಲು ಹುಡುಕುವುದು ತಾವು ಹಾಲು ಎರೆದ ಫೋಟೋ. ಅದಿಲ್ಲ ಎಂದರೆ ಮದುವೆಗೆ ಹೋಗಿಯೇ ಇರಲಿಲ್ಲ ಎಂದ ಹಾಗೆ. ಎರಡು ದಿನ ಟೈಮ್ ಕೊಡಿ ಮಾವ, ಇನ್ನೊಂದು ಕಾರ್ಡಿನಲ್ಲಿದೆ ಎಂದು ಸುಳ್ಳು ಹೇಳಿದೆ. ಅವರು ನಂಬಿ ಹೋದರು.

ಆಗ ಯಾರನ್ನು ಕೇಳಬೇಕಿತ್ತು ಹೇಳು. ನೀನು ಸಿಗುವುದಿಲ್ಲ. ಉಳಿದವನು ಒಬ್ಬನೇ. ಬರೆದೆ. ಐದು ನಿಮಿಷದಲ್ಲಿ ಉತ್ತರ ಬಂತು: ‘ಕಾರ್ಡು ತನ್ನಿ ಸಾರ್, ನೋಡೋಣ.’ ಶುಕ್ರವಾರ ಬೆಳಿಗ್ಗೆ ಕೆ.ಎಂ. ದೊಡ್ಡಿ ಮೇಲೆ ಹೋಗುವ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅವನ ಕೈಲೂ ಆಗದಿರಲಿ ಎಂದು ಒಂದು ಮನಸ್ಸು, ಆಗಲಪ್ಪ ದೇವರೇ ಎಂದು ಇನ್ನೊಂದು. ಯಾವುದು ಜೋರಾಗಿತ್ತು ಎಂದು ನಿನ್ನ ಹತ್ತಿರ ಬಾಯಿಬಿಡುವುದಿಲ್ಲ.

ತಾಲೂಕು ಕಚೇರಿಯ ಹತ್ತಿರ ಅವನ ಅಂಗಡಿ, ಜೆರಾಕ್ಸು ಮತ್ತು ಸ್ಕ್ಯಾನಿಂಗು. ಜನ ಹಳೇ ಪಹಣಿ, ಕ್ರಯಪತ್ರ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ಎದ್ದು ನಿಂತ, ಟೀ ತರಿಸಿದ. ಮದುವೆಯಾಗಿದೆಯಾ ಎಂದು ಕೇಳಲು ನಾಲಿಗೆಯವರೆಗೆ ಬಂತು, ಕೇಳಲಿಲ್ಲ. ಅದರ ಬದಲು ಗೋಡೆಯ ಮೇಲೆಲ್ಲ ಫೋಟೋ ಹುಡುಕಿದೆ. ಮಹದೇಶ್ವರನ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. ಕಾರ್ಡು ಕೈಗೆ ತೆಗೆದುಕೊಂಡವನು, ‘ಮೊದ್ಲು ಪೂರ್ತಿ ನಕಲು ಮಾಡ್ಕತೀನಿ ಸಾರ್. ಅಸ್ಲು ಮುಟ್ಟದು ಬ್ಯಾಡ’ ಎಂದ. ಅಮೃತ, ಅದು ನಿನ್ನ ಮಾತು. ನಮ್ಮ ಸ್ಟುಡಿಯೋದ ಕುರ್ಚಿಯಲ್ಲಿ ಕೂತು ನೀನು ನನಗೆ ಸಾವಿರ ಸಲ ಹೇಳಿದ ಮಾತು. ಅವನು ನಿನ್ನಿಂದ ಕಲಿತನೋ, ನೀನು ಅವನಿಂದ ಕಲಿತೆಯೋ ಎಂದು ಯೋಚಿಸುತ್ತ ಮೂರು ಗಂಟೆ ಆ ಬೆಂಚಿನ ಮೇಲೆ ಕೂತಿದ್ದೆ. ಅಷ್ಟು ಹೊತ್ತು ಅವನು ಗಿರಾಕಿಗಳನ್ನೂ ನೋಡಿಕೊಂಡು, ನನ್ನದನ್ನೂ ಬಿಡದೆ, ಒಂದು ಸಲವೂ ಬೇಸರ ತೋರಿಸದೆ ಕೆಲಸ ಮಾಡಿದ. ನಿಧಾನ ಎಂದರೆ ಏನು ಎಂದು ಆವತ್ತು ನೋಡಿದೆ.

ಮುನ್ನೂರಾ ಆರರಲ್ಲಿ ಇನ್ನೂರಾ ತೊಂಬತ್ತೈದು ಸಿಕ್ಕವು. ಹನ್ನೊಂದು ಸಿಗಲಿಲ್ಲ, ಗೃಹಪ್ರವೇಶದ ಫೋಟೋಗಳು ಅವುಗಳ ಜಾಗ ನುಂಗಿದ್ದವು. ಹತ್ತನೇ ತಾರೀಖೇ ಅವನ ಮಾತು ಕೇಳಿದ್ದರೆ ಅವೂ ಉಳಿಯುತ್ತಿದ್ದವು. ಆ ಹನ್ನೊಂದರಲ್ಲಿ ಏಳು ಯಾರದೋ ಬೆನ್ನು, ಊಟದ ಎಲೆ, ಚಪ್ಪರ. ಉಳಿದ ನಾಲ್ಕೂ ಅವ್ವನವು. ಅವಳು ದಿನ ಬೆಳಗಾದರೆ ‘ನನ್ ಪೋಟ ಏನಾಯ್ತ್ಲಾ’ ಎಂದು ಕೇಳುತ್ತಾಳೆ, ಪ್ರಿಂಟಿಗೆ ಹೋಗಿದೆ ಎನ್ನುತ್ತಿದ್ದೇನೆ. ಅಪ್ಪಾಜಿ ಮಾವನಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ, ಅವರು ನಕ್ಕು ‘ಓಗ್ಲಿ ಬುಡು’ ಎಂದರು. ಅವ್ವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಮನೆಗೆ ಬಂದು, ಮಾರ್ಚಿನಲ್ಲಿ ನೀನು ಬರೆದಿದ್ದ ಆ ಉತ್ತರದ ಉಳಿದ ಭಾಗ ಓದಿದೆ. ಅದರ ಕೆಳಗೆ ಇನ್ನೂ ಎರಡು ವಾಕ್ಯ ಇದ್ದವು. ‘ಅವರ ಅವಸರದಲ್ಲಿ ಆದ ತಪ್ಪು ನೋಡಿಯೇ ನಾನು ಬೀಗರು ಫೋಲ್ಡರ್ ಮಾಡಿದ್ದು. ಅವರ ಕೈ ದಾಟಿದ ಸ್ಕ್ರಿಪ್ಟು ಯಾವ ಊರಲ್ಲೂ ಕೆಡುವುದಿಲ್ಲ.’ ಇದು ಹೊಗಳಿಕೆಯೋ ಬೈಗುಳವೋ ಎಂದು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ. ಏನಾದರೂ ಇರಲಿ, ಈ ಸಲ ಸ್ಕ್ರಿಪ್ಟು ನನ್ನ ಕೈ ದಾಟಲಿಲ್ಲ, ನಾನೇ ದಾಟಿಸಿಬಿಟ್ಟೆ. ಮಾರನೇ ದಿನ ನಕಲು ಮಾಡಿಕೊಂಡು ಬೀಗರ ಮೇಲೆ ಓಡಿಸಿದೆ. ಅರುವತ್ತು ಹೋಗಿ ಮೂವತ್ತು ಬಂತು. ಬೇಗ ಆಗಲೆಂದು ನೀನು ಒಂಬತ್ತನೇ ಆವೃತ್ತಿಯಲ್ಲಿ ತೆಗೆದುಹಾಕಿದ ಎರಡು ಸಾಲುಗಳೇ ಎರಡೂ ಕಡೆಯವರನ್ನು ಕಾಯುತ್ತಿದ್ದವು. ಅವಸರ ನನಗೊಬ್ಬನಿಗೇ ಅಲ್ಲ ಎಂದು ಸ್ವಲ್ಪ ಸಂತೋಷವಾದದ್ದೂ ನಿಜ. ಕೆಂಪಸಿದ್ದಯ್ಯನೂ ನಾನೂ ಸೇರಿ ಅವನ್ನು ಮತ್ತೆ ಹಾಕಿದ್ದೇವೆ, ಆರು ಸಲ ಓಡಿಸಿದ್ದೇವೆ, ಆರು ಸಲವೂ ಅರುವತ್ತು. ನನ್ನ ಹಳೇ ಗುರುತನ್ನು ಅಳಿಸಿ, ಪರೀಕ್ಷಿಸದೆಯೇ ಹಾಕಿದ್ದೆ ಎಂದು ಎಲ್ಲರ ಮುಂದೆ ಬರೆದಿದ್ದೇನೆ.

ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಅಪ್ಪ, ಅವ್ವ ಇಬ್ಬರೂ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಅವ್ವ ಹುರಿಹಿಟ್ಟು ಕಳಿಸುತ್ತಾಳಂತೆ, ಜೊತೆಯವರಿಗೂ ಕೊಡು, ಆದರೆ ಒಂದು ಪಾಲು ನಿನಗೆ ಇಟ್ಟುಕೋ. ಮೊಣಕಾಲು ಜೋಪಾನ.

ಎಂದೆಂದಿಗೂ ನಿನ್ನವನಾದ,
ಶಶಿಧರ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೇಳಬೇಕಾದ್ದನ್ನು ಮೇಲೆ ಹೇಳಲೇ ಇಲ್ಲ. ಏಳನೇ ತಾರೀಖು ನಾನು ಗುರುತು ಮಾತ್ರ ಹಾಕಲಿಲ್ಲ. ನಿನ್ನ ಪಾಸ್‌ವರ್ಡಿನಿಂದ ಒಳಗೆ ಹೋಗಿ ಎರಡನೇ ಸಾಲಿನಲ್ಲಿದ್ದ ಅವನ ಹೆಸರು ಅಳಿಸಿ ನನ್ನ ಹೆಸರು ಬರೆದೆ. ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದೆ. ಮಳವಳ್ಳಿಯಲ್ಲಿ ಬಸ್ಸು ಹತ್ತಿಸುವಾಗ ಅವನು ನೆಲ ನೋಡುತ್ತ, ‘ಎರಡ್ನೇ ಸಾಲು ನಿಮ್ದೇ ಇರ್ಲಿ ಸಾರ್. ಮೇಡಂಗೆ ನಾನೇನೂ ಏಳಾಕಿಲ್ಲ’ ಎಂದ. ಅವನು ಬೈದಿದ್ದರೆ ನಾನು ಆ ಸಾಲನ್ನು ಸಾಯುವವರೆಗೂ ಬಿಡುತ್ತಿರಲಿಲ್ಲ. ಈಗ ನನ್ನ ಹೆಸರನ್ನೂ ತೆಗೆದಿದ್ದೇನೆ, ಸಾಲು ಖಾಲಿ ಇದೆ. ಮೂವತ್ತಕ್ಕೆ ಗಡುವು, ಯಾರ ಹೆಸರು ಮೊದಲು ಎಂದು ಬರೆದವಳೇ ಹೇಳಬೇಕು. ಭಾನುವಾರ ಫೋನಿನಲ್ಲಿ ಹೇಳು. ಅವನದು ಎಂದರೆ ಅವನದೇ, ನನ್ನ ಕೈಯಾರೆ ಬರೆಯುತ್ತೇನೆ. ಅವ್ವನ ಕೈಗೆ ಈ ಸಲ ಫೋನು ಕೊಡುವುದಿಲ್ಲ. ಆ ಹೆಸರನ್ನು ಮಾತ್ರ ಹತ್ತನೇ ನಿಮಿಷದಲ್ಲಿ ಹೇಳು, ಮೊದಲ ಒಂಬತ್ತು ನನಗಿರಲಿ.